ಚಿಪ್ ಬಿಟ್ಟು ಕೌಂಟರ್‌ಗೆ ಬಂದ ಕಥೆ

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್. ಆರು ವರ್ಷ ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಶನ್ ಕೆಲಸ ಮಾಡಿದೆ. ಈಗ ಸಾಗರ ತಾಲ್ಲೂಕಿನಲ್ಲಿ ಒಂದು ಸರ್ಕಾರಿ ಬ್ಯಾಂಕಿನ ಶಾಖೆಯಲ್ಲಿ ಕ್ಲರ್ಕ್. ಯಾರೂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆರೋಗ್ಯ ಚೆನ್ನಾಗಿಯೇ ಇತ್ತು. ಮನೆಯಲ್ಲೂ ತುರ್ತು ಏನಿರಲಿಲ್ಲ. ಬೇಕು ಅಂತಲೇ ಬಿಟ್ಟು ಬಂದೆ. ಹೀಗಂದರೆ ಕೇಳಿದವರು ಇನ್ನೂ ಏನೋ ಇದೆ ಅಂತ ಕಾಯುತ್ತಾರೆ. ಇಲ್ಲ ಅಂದರೆ ನಂಬುವುದಿಲ್ಲ. ಹಾಗಾಗಿ ಕಾರಣ ಪಕ್ಕಕ್ಕಿರಲಿ, ಹೇಗಾಯಿತು ಅನ್ನುವುದನ್ನು ಬರೆಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಆ ಕೆಲಸ ನನಗೆ ಇಷ್ಟವಿತ್ತು. ಚಿಪ್‌ನ ವಿನ್ಯಾಸ ಕಾರ್ಖಾನೆಗೆ ಹೋಗುವ ಮೊದಲು ಅದರಲ್ಲಿ ತಪ್ಪುಗಳಿವೆಯಾ ಅಂತ ಕಂಪ್ಯೂಟರಿನಲ್ಲೇ ಹುಡುಕುವುದು ನಮ್ಮ ಕೆಲಸ. ಸಿಸ್ಟಮ್‌ವೆರಿಲಾಗ್ ಅನ್ನುವ ಭಾಷೆಯಲ್ಲಿ ಟೆಸ್ಟ್‌ಬೆಂಚ್, ಅಂದರೆ ಆ ವಿನ್ಯಾಸವನ್ನು ಪರೀಕ್ಷಿಸುವ ಪ್ರೋಗ್ರಾಂ, ಬರೆಯುತ್ತೇವೆ. ರಾತ್ರಿಯಿಡೀ ಸಾವಿರಾರು ಟೆಸ್ಟ್‌ಗಳು ಓಡುತ್ತವೆ. ಬೆಳಿಗ್ಗೆ ಬಂದು ಯಾವುದು ಫೇಲಾಗಿದೆ, ಯಾಕೆ ಫೇಲಾಗಿದೆ ಅಂತ ಚಿಪ್‌ನೊಳಗಿನ ಸಂಕೇತಗಳ ಏರಿಳಿತದ ಚಿತ್ರ, ಅಂದರೆ ವೇವ್‌ಫಾರ್ಮ್, ನೋಡುತ್ತಾ ಕೂರುವುದು. ಕಾರ್ಖಾನೆಯಿಂದ ಬಂದ ಮೇಲೆ ತಪ್ಪು ಸಿಕ್ಕರೆ ತಿಂಗಳುಗಳ ಕಾಲ ಮತ್ತು ಕೋಟಿಗಟ್ಟಲೆ ಹಣ ಎರಡೂ ಹೋದಂತೆಯೇ. ಅದಕ್ಕೇ ವಿನ್ಯಾಸವನ್ನು ಕೊನೆಯದಾಗಿ ಕಳಿಸುವ ಟೇಪ್‌ಔಟ್ ಹತ್ತಿರ ಬಂದಾಗ ಯಾರೂ ಮನೆಗೆ ಹೋಗುವ ಮಾತಾಡುವುದಿಲ್ಲ. ಯಾರ ಕಣ್ಣಿಗೂ ಬೀಳದ ಒಂದು ಬಗ್ ನನ್ನ ಕಣ್ಣಿಗೆ ಬಿದ್ದರೆ ಆ ಖುಷಿಯೇ ಬೇರೆ. ಅದನ್ನು ಈಗಲೂ ಒಪ್ಪುತ್ತೇನೆ.

ತೊಂದರೆ ಇದ್ದದ್ದು ದಿನ ಮುಗಿಯುವ ವಿಷಯದಲ್ಲಿ. ಹಗಲು ಇಲ್ಲಿನ ತಂಡದ ಜೊತೆ ಕೆಲಸ. ರಾತ್ರಿ ಒಂಬತ್ತೂವರೆಗೆ ಕ್ಯಾಲಿಫೋರ್ನಿಯಾದವರ ಜೊತೆ ಕಾಲ್. ಅವರಿಗೆ ಆಗ ತಾನೇ ಬೆಳಗಾಗಿರುತ್ತದೆ, ಉತ್ಸಾಹದಲ್ಲಿರುತ್ತಾರೆ. ಕಾಲ್ ಮುಗಿದ ಮೇಲೆ ಅವರು ಕೇಳಿದ್ದನ್ನು ಒಮ್ಮೆ ಓಡಿಸಿ ನೋಡೋಣ ಅಂತ ಮತ್ತೆ ಲ್ಯಾಪ್‌ಟಾಪ್ ತೆಗೆಯುವುದು. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೂ ಟೆಸ್ಟ್ ಪಾಸಾಯ್ತಾ ಅನ್ನುವ ಯೋಚನೆ. ಯಾರೂ ಬೈಯುತ್ತಿರಲಿಲ್ಲ. ನನ್ನ ಮ್ಯಾನೇಜರ್ ಒಳ್ಳೆಯ ಮನುಷ್ಯ. ಅವರಿಗೆ ಎರಡು ಮಕ್ಕಳು, ಅವರೂ ಅದೇ ಕಾಲ್‌ನಲ್ಲಿ ಇರುತ್ತಿದ್ದರು. ಹತ್ತು ವರ್ಷ ಬಿಟ್ಟು ನಾನು ಎಲ್ಲಿರುತ್ತೇನೆ ಅನ್ನುವುದು ನನಗೆ ದಿನಾ ರಾತ್ರಿ ಆ ಪರದೆಯ ಮೇಲೇ ಕಾಣುತ್ತಿತ್ತು.

2020ರಲ್ಲಿ ಕೊರೊನಾ ಬಂದಾಗ ಎಲ್ಲರ ಹಾಗೆ ನಾನೂ ಊರಿಗೆ ಹೋದೆ. ನಮ್ಮದು ಹರಿಹರ. ಅಪ್ಪನದು ಟೈಲರಿಂಗ್ ಅಂಗಡಿ. ಲಾಕ್‌ಡೌನ್ ಸಡಿಲವಾದ ಮೇಲೆ ಅಪ್ಪ ಮತ್ತೆ ಅಂಗಡಿ ತೆಗೆದರು. ರಾತ್ರಿ ಎಂಟಕ್ಕೆ ಶಟರ್ ಎಳೆದು ಬಂದು ಕೈಕಾಲು ತೊಳೆದು ಕೂತರೆ ಮುಗಿಯಿತು, ಬಟ್ಟೆಯ ಬಗ್ಗೆ ಒಂದು ಮಾತೂ ಇಲ್ಲ. ದೀಪಾವಳಿ ಸೀಸನ್ ಬಿಟ್ಟರೆ ನಾನು ಚಿಕ್ಕವಳಿದ್ದಾಗಿನಿಂದ ಹಾಗೇ. ಆದಾಯ ಕಡಿಮೆ, ಚಿಂತೆ ಇರಲಿಲ್ಲ ಅಂತಲ್ಲ. ಊರಿನ ದೊಡ್ಡ ಕಾರ್ಖಾನೆ ಮುಚ್ಚಿದ ಮೇಲೆ ಯೂನಿಫಾರ್ಮ್ ಆರ್ಡರ್ ಎಲ್ಲ ನಿಂತು ಅವರು ಪಟ್ಟ ಪಾಡು ನನಗೆ ಗೊತ್ತು. ಆದರೂ ರಾತ್ರಿ ಎಂಟರ ಮೇಲೆ ಅಪ್ಪ ಪೂರ್ತಿ ಮನೆಯವರು. ನಾನು ಒಳಗಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದೆ. ಅಮ್ಮ ಬಾಗಿಲ ಸಂದಿಯಿಂದ ಕೈಸನ್ನೆಯಲ್ಲಿ ಊಟಕ್ಕೆ ಕರೆಯುತ್ತಿದ್ದರು.

ಬಿಡಬೇಕು ಅನ್ನುವ ಯೋಚನೆ ಅಲ್ಲಿಂದ ಶುರುವಾಯಿತು. ಆದರೆ ಏನು ಹಿಡಿಯುವುದು? ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡೋಣ ಅಂದರೆ ಎಂ.ಟೆಕ್ ಬೇಕು. ಖಾಸಗಿ ಕಾಲೇಜುಗಳಲ್ಲಿ ಪಾಠಕ್ಕಿಂತ ಮಾನ್ಯತೆಯ ಕಡತಗಳ ಕೆಲಸವೇ ಜಾಸ್ತಿ ಅಂತ ಅಲ್ಲಿದ್ದ ಗೆಳತಿ ಹೇಳಿದಳು. ಕೆಪಿಎಸ್‌ಸಿ ಪರೀಕ್ಷೆಗಳಿಗೆ ವರ್ಷಗಟ್ಟಲೆ ಕಾಯುವ ತಾಳ್ಮೆ ಇರಲಿಲ್ಲ. ಇನ್ನೊಂದು ಕಂಪನಿಗೆ ಹೋಗೋಣ ಅಂದರೆ ಅಲ್ಲೂ ರಾತ್ರಿ ಒಂಬತ್ತೂವರೆಯೇ. ತೋಟ ಮಾಡೋಣ ಅನ್ನಲು ತೋಟ ಇರಲಿಲ್ಲ. ಸಾಫ್ಟ್‌ವೇರ್ ಬಿಟ್ಟು ಕೃಷಿಗೆ ಬಂದವರ ಕಥೆಗಳನ್ನು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅವುಗಳಲ್ಲಿ ಜಮೀನು ಯಾರದು ಅನ್ನುವ ಸಾಲನ್ನು ನಾನು ಮೊದಲು ಹುಡುಕುತ್ತೇನೆ.

ಬ್ಯಾಂಕ್ ಕ್ಲರ್ಕ್ ಅನ್ನುವುದು ತಲೆಗೆ ಬಂದದ್ದು ಲೆಕ್ಕದಿಂದಲೇ. ಬ್ಯಾಂಕುಗಳೂ ನೌಕರರ ಸಂಘಗಳೂ ಮಾಡಿಕೊಂಡ ದ್ವಿಪಕ್ಷೀಯ ಒಪ್ಪಂದದ ಪ್ರಕಾರ ಕ್ಲರ್ಕ್‌ಗಳ ಕೆಲಸದ ಅವಧಿ ಊಟದ ಅರ್ಧ ಗಂಟೆ ಬಿಟ್ಟು ದಿನಕ್ಕೆ ಆರೂವರೆ ಗಂಟೆ. ಭಾನುವಾರದ ಜೊತೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಅರ್ಜಿ ಹಾಕುವುದೇ ಒಂದು ರಾಜ್ಯಕ್ಕೆ. ಹಾಗಾಗಿ ಕರ್ನಾಟಕ ಬಿಟ್ಟು ಹೋಗುವ ಭಯವಿಲ್ಲ. ಸಂದರ್ಶನವೂ ಇಲ್ಲ. ಇದನ್ನು ಕೇಳಿದವರೆಲ್ಲ ಒಂದೇ ಮಾತು ಹೇಳಿದರು: "ಬ್ಯಾಂಕೇ ಆಗ್ಬೇಕು ಅಂದ್ರೆ ಪಿಒ ಬರಿ. ಇಂಜಿನಿಯರ್ ಆಗಿ ಕ್ಲರ್ಕಾ?" ಪ್ರೊಬೇಷನರಿ ಆಫೀಸರ್ ಅಂದರೆ ದೇಶದ ಯಾವ ಮೂಲೆಗಾದರೂ ವರ್ಗ. ಸಾಲ ವಸೂಲಿ, ವಿಮೆ ಮಾರುವ ಗುರಿ, ರಾತ್ರಿ ಎಂಟಾದರೂ ಬಾಗಿಲು ಹಾಕದ ಶಾಖೆ. ಒಂದು ಏಣಿಯಿಂದ ಇಳಿದು ಇನ್ನೊಂದು ಏಣಿ ಹತ್ತುವುದಾದರೆ ಮೊದಲಿನದೇ ವಾಸಿ, ಅದರಲ್ಲಿ ದುಡ್ಡಾದರೂ ಇತ್ತು.

ದುಡ್ಡಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನೆಮ್ಮದಿಯ ಬಗ್ಗೆ ಬರೆಯುವವರು ಇದನ್ನು ಹಾರಿಸಿಬಿಡುತ್ತಾರೆ. ಆಗ ನನ್ನ ಕೈಗೆ ಬರುತ್ತಿದ್ದದ್ದು ತಿಂಗಳಿಗೆ ಸುಮಾರು ಒಂದೂವರೆ ಲಕ್ಷ. ಕ್ಲರ್ಕ್ ಆಗಿ ಸೇರಿದರೆ 30 ಸಾವಿರದ ಆಸುಪಾಸು. ಐದರಲ್ಲಿ ಒಂದು ಪಾಲು! ಒಂದು ನೋಟ್‌ಬುಕ್ ತೆಗೆದುಕೊಂಡು ಬೆಂಗಳೂರಿನಲ್ಲಿದ್ದಾಗಿನ ಖರ್ಚನ್ನೆಲ್ಲ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಬರೆದೆ. ಬೆಳ್ಳಂದೂರಿನ ಹತ್ತಿರದ ಬಾಡಿಗೆ. ಕ್ಯಾಬ್. ಅಡುಗೆ ಮಾಡಲು ಸಮಯವಿಲ್ಲದೆ ತರಿಸಿಕೊಂಡ ಊಟ. ಬೆನ್ನುನೋವಿಗೆ ಫಿಸಿಯೋಥೆರಪಿ. ಬೇಜಾರಾದಾಗ ಆನ್‌ಲೈನಿನಲ್ಲಿ ಕೊಂಡು ಹಾಗೇ ಇಟ್ಟ ಬಟ್ಟೆಗಳು. ಟೈಲರ್ ಮಗಳು ನಾನು, ನಾಚಿಕೆಯಾಗಬೇಕು. ಅರ್ಧಕ್ಕಿಂತ ಹೆಚ್ಚು ಖರ್ಚು ಕೆಲಸ ಮಾಡುವುದಕ್ಕಾಗಿ ಮಾಡಿದ್ದೇ ಆಗಿತ್ತು.

ಆಮೇಲೆ ಇನ್ನೊಂದು ಕೆಲಸ ಮಾಡಿದೆ. ಸಂಬಳ ಬಂದ ದಿನವೇ 30 ಸಾವಿರ ಬಿಟ್ಟು ಉಳಿದದ್ದನ್ನೆಲ್ಲ ಬೇರೆ ಖಾತೆಗೆ ಹಾಕಿ, ಅಷ್ಟರಲ್ಲೇ ತಿಂಗಳು ತಳ್ಳಲು ಆಗುತ್ತದಾ ನೋಡಿದೆ. ಹರಿಹರದಲ್ಲಿ ಅಪ್ಪ ಅಮ್ಮನ ಜೊತೆ ಇದ್ದಾಗ ಅದು ಸುಲಭ. ಹಾಗಾಗಿ ಬಾಡಿಗೆ ಅಂತ ಒಂದಿಷ್ಟು ದುಡ್ಡು ಎತ್ತಿಟ್ಟು, ಮನೆ ಖರ್ಚಿನಲ್ಲಿ ನನ್ನ ಪಾಲು ಅಮ್ಮನ ಕೈಗೆ ಕೊಟ್ಟು ನೋಡಿದೆ. ಬಿಗಿಯಾಯಿತು, ಆದರೆ ಆಯಿತು. ಓದಿನ ಸಾಲ ತೀರಿತ್ತು. ಮನೆ ಸಾಲ ಮಾಡಿರಲಿಲ್ಲ. ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೋ ಅಂತ ಚಿಕ್ಕಪ್ಪ ತುಂಬಾ ಒತ್ತಾಯ ಮಾಡಿದ್ದರು. ಆಗ ಅವರ ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಉಳಿತಾಯವಿತ್ತು. ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಮಾಡಿಸಿದ್ದೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ನಾನು ಕೆಲಸ ಬಿಡುತ್ತಿರಲಿಲ್ಲ.

ಪರೀಕ್ಷೆಯದು ಬೇರೆಯೇ ರಾಮಾಯಣ. 2021ರ ಜುಲೈನಲ್ಲಿ, ಸರ್ಕಾರಿ ಬ್ಯಾಂಕುಗಳಿಗೆ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯಿಂದ ಕ್ಲರ್ಕ್ ನೇಮಕಾತಿಯ ಅಧಿಸೂಚನೆ ಬಂತು. ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲೂ ಬರೆಯಲು ಬಿಡಿ ಅನ್ನುವ ಕೂಗು ನಮ್ಮ ರಾಜ್ಯದಲ್ಲಿ ಮೊದಲಿನಿಂದಲೂ ಇತ್ತು. ಹಣಕಾಸು ಸಚಿವಾಲಯ ಒಂದು ಸಮಿತಿ ಮಾಡಿ ನೇಮಕಾತಿಯನ್ನು ತಡೆಹಿಡಿಯಿತು. ಸೆಪ್ಟೆಂಬರ್ ಕೊನೆಗೆ, ಕ್ಲರ್ಕ್ ಪರೀಕ್ಷೆಯ ಎರಡೂ ಹಂತಗಳು ಇಂಗ್ಲಿಷ್ ಮತ್ತು ಹಿಂದಿಯ ಜೊತೆ 13 ಪ್ರಾದೇಶಿಕ ಭಾಷೆಗಳಲ್ಲಿ ಇರುತ್ತವೆ ಅಂತ ತೀರ್ಮಾನವಾಯಿತು. ಅಕ್ಟೋಬರಿನಲ್ಲಿ ಹೊಸದಾಗಿ ಅರ್ಜಿ ಕರೆದರು. ಎಲ್ಲರೂ ತಡವಾಯಿತು ಅಂತ ಬೈದುಕೊಂಡರೆ ನನಗೆ ಓದಲು ಒಂದಷ್ಟು ತಿಂಗಳು ಸಿಕ್ಕಿತು. ನಾನು ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದವಳು. ಕನ್ನಡವನ್ನೇ ಆರಿಸಿದೆ.

ವಯಸ್ಸಿನ ಮಿತಿ 28. ಹಿಂದುಳಿದ ವರ್ಗದವರಿಗೆ ಮೂರು ವರ್ಷದ ಸಡಿಲಿಕೆ ಇದ್ದದ್ದರಿಂದ ನಾನು ಒಳಗೆ ಬಂದೆ. ಇದಕ್ಕೆ ರಾಜ್ಯದ ಜಾತಿ ಪ್ರಮಾಣಪತ್ರ ಸಾಲದು. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು. ತಾಲ್ಲೂಕು ಕಚೇರಿಯ ಕೇಸ್ ವರ್ಕರ್, "ನಿಮಗೇ ಲಕ್ಷದ ಮೇಲೆ ಸಂಬಳ ಇದೆಯಲ್ಲಮ್ಮಾ, ಕೆನೆಪದರ ಆಗಲ್ವಾ?" ಅಂತ ಕೇಳಿದರು. ಕೆನೆಪದರ ಅಂದರೆ ಮೀಸಲಾತಿ ಸಿಗದಷ್ಟು ಅನುಕೂಲಸ್ಥರು. ಅಲ್ಲಿ ನೋಡುವುದು ಅಪ್ಪ ಅಮ್ಮನ ಸ್ಥಿತಿಯನ್ನು, ಅಭ್ಯರ್ಥಿಯ ಸಂಬಳವನ್ನಲ್ಲ. ನಿಯಮದ ಪ್ರಿಂಟ್ ಒಯ್ದಿದ್ದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಸರಿ ಇದೆ" ಅಂದು ಸಹಿಗೆ ಇಟ್ಟರು.

ಇಂಜಿನಿಯರಿಂಗ್ ಓದಿದವಳಿಗೆ ಬ್ಯಾಂಕ್ ಪರೀಕ್ಷೆಯ ಗಣಿತ ಏನು ಮಹಾ ಅಂತ ಅಂದುಕೊಳ್ಳುತ್ತಾರೆ. ಗಣಿತ ಸುಲಭವೇ, ಸಮಯ ಸುಲಭವಲ್ಲ. ಪ್ರಿಲಿಮ್ಸ್‌ನಲ್ಲಿ 35 ಲೆಕ್ಕಕ್ಕೆ 20 ನಿಮಿಷ. ನಮ್ಮ ಹಳೆಯ ಕೆಲಸದಲ್ಲಿ ಒಂದೇ ಸಮಸ್ಯೆಯ ಹಿಂದೆ ಮೂರು ದಿನ ಕೂತರೆ ಭೇಷ್ ಅನ್ನುತ್ತಾರೆ. ಇಲ್ಲಿ ಅರ್ಧ ನಿಮಿಷದಲ್ಲಿ ಬಗೆಹರಿಯದಿದ್ದರೆ ಬಿಟ್ಟು ಮುಂದೆ ಓಡಬೇಕು. ಬಿಡುವುದನ್ನು ಕಲಿಯುವುದೇ ನನಗೆ ಕಷ್ಟವಾಯಿತು. ಮಗ್ಗಿ, ವರ್ಗಗಳು, ಶೇಕಡಾವಾರನ್ನು ಭಿನ್ನರಾಶಿ ಮಾಡುವುದು, ಎಲ್ಲ ಹೈಸ್ಕೂಲ್ ಹುಡುಗಿಯ ಹಾಗೆ ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿದೆ. ಮೇನ್ಸ್ ಆಗ 190 ಪ್ರಶ್ನೆ, 160 ನಿಮಿಷ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಗೊತ್ತುಮಾಡುವ ರೆಪೋ ದರ, ಸಿಆರ್‌ಆರ್, ಎಸ್‌ಎಲ್‌ಆರ್ ಅಂದರೇನು ಅಂತ ಮೊದಲ ಸಲ ಸರಿಯಾಗಿ ಓದಿದ್ದು ಆಗಲೇ.

ಡಿಸೆಂಬರಿನಲ್ಲಿ ಪ್ರಿಲಿಮ್ಸ್ ನಡೆಯಿತು. ಅದೇ ತಿಂಗಳ 15ರಂದು ಕೇಂದ್ರ ಸಂಪುಟ ಸೆಮಿಕಂಡಕ್ಟರ್ ಉದ್ಯಮಕ್ಕೆ 76,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಫೀಸಿನ ಗ್ರೂಪ್‌ನಲ್ಲಿ ಸಂಭ್ರಮವೋ ಸಂಭ್ರಮ. ಚಿಪ್ ಎಂಜಿನಿಯರುಗಳಿಗೆ ಇನ್ನು ಸುಗ್ಗಿ ಅಂತ ಎಲ್ಲರೂ ಬರೆಯುತ್ತಿದ್ದರು. ನಾನು ಒಂದು ಚಪ್ಪಾಳೆ ಒತ್ತಿ, ಹಿಂದಿನ ಆರು ತಿಂಗಳ ಪ್ರಚಲಿತ ವಿದ್ಯಮಾನದ ಪಿಡಿಎಫ್ ತೆರೆದೆ. ಆ ಸುದ್ದಿಯೂ ಮೇನ್ಸ್‌ಗೆ ಬರಬಹುದು ಅಂತ ಗುರುತು ಹಾಕಿಕೊಂಡೆ.

2022ರ ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ಮನೆಯಲ್ಲಿ ಅಲ್ಲಿಯವರೆಗೆ, "ಸುಮ್ನೆ ಬರೀತಿದೀನಿ" ಅಂತ ಹೇಳಿದ್ದೆ. ಈಗ ನಿಜ ಹೇಳಬೇಕಾಯಿತು. ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕ್ಯಾಶ್ ಕಮ್ಮಿ ಬಿದ್ರೆ ಕೈಯಿಂದ ಕಟ್ಬೇಕಂತೆ, ಹೌದಾ?" ಹೌದು ಅಂದೆ. "ಹುಷಾರಾಗಿರು" ಅಂದರು. ಸಿಟ್ಟು ಬಂದದ್ದು ಅಮ್ಮನಿಗೆ. ನನ್ನ ಓದಿಗಾಗಿ ಒಡವೆ ಅಡ ಇಟ್ಟವರು ಅವರು. ಕಾಲೇಜಿನ ಫೀಸಿಗೆ ಬ್ಯಾಂಕಿಗೆ ಹೋದಾಗ ಕೌಂಟರಿನಲ್ಲಿದ್ದವರ ಎದುರು ಅವರು ಎಷ್ಟು ಹೊತ್ತು ನಿಂತಿದ್ದರೋ. "ಅವರ ಜಾಗದಲ್ಲಿ ಕೂರೋಕೆ ಇಷ್ಟೆಲ್ಲ ಓದಬೇಕಿತ್ತೇನೆ?" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅಮ್ಮ ಹೇಳಿದ್ದು ತಪ್ಪಲ್ಲ. ಆ ಓದಿಗೆ ಬೆಲೆ ಕೊಟ್ಟವರು ಅವರು, ಬಿಟ್ಟವಳು ನಾನು.

ಆಫೀಸಿನಲ್ಲಿ ಮ್ಯಾನೇಜರ್ ಮೊದಲು ಬೇರೆ ಕಂಪನಿಯವರು ಜಾಸ್ತಿ ಕೊಟ್ಟಿದ್ದಾರೆ ಅಂದುಕೊಂಡರು. ಸಂಬಳ ಏರಿಸಿ ಕೇಳುತ್ತೇನೆ ಅಂದರು. ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಕಿದ್ರೆ ಆರು ತಿಂಗಳು ರಜೆ ತಗೋ, ಆಮೇಲೆ ನೋಡೋಣ" ಅಂದರು. ರಜೆಯಿಂದ ವಾಪಸ್ ಬರುವುದು ಅದೇ ಕಾಲ್‌ಗೆ ಅಲ್ವಾ? ನೋಟಿಸ್ ಅವಧಿ ಮೂರು ತಿಂಗಳು. ಕೊನೆಗೆ ತುಂಬುವ ಫಾರ್ಮ್‌ನಲ್ಲಿ ಬಿಡಲು ಕಾರಣ ಏನು ಅಂತ ಪಟ್ಟಿ ಇತ್ತು: ಉನ್ನತ ವ್ಯಾಸಂಗ, ಉತ್ತಮ ಅವಕಾಶ, ಮದುವೆ, ಆರೋಗ್ಯ, ಇತರೆ. ಇತರೆ ಒತ್ತಿದೆ. ಐದು ವರ್ಷ ತುಂಬಿದ್ದರಿಂದ ಗ್ರಾಚ್ಯುಟಿ ಸಿಕ್ಕಿತು. ಅದನ್ನು ಹಾಗೇ ಅಪ್ಪ ಅಮ್ಮನ ಹೆಸರಿನಲ್ಲಿ ಎಫ್‌ಡಿ ಮಾಡಿದೆ.

ಬ್ಯಾಂಕಿಗೆ ಸೇರಿದರೆ ಮನೆ ಹತ್ತಿರವೇ ಶಾಖೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರಾಜ್ಯ ಮಾತ್ರ ನಮ್ಮ ಆಯ್ಕೆ, ಊರು ಬ್ಯಾಂಕಿನವರ ಆಯ್ಕೆ. ನನಗೆ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಎಲ್ಲಿ ನೋಡಿದರೂ ಭತ್ತ, ರೈಸ್ ಮಿಲ್ಲು. ನಮ್ಮ ಹರಿಹರದ ಪಕ್ಕ ಹರಿಯುವ ನೀರೇ ಹೊಸಪೇಟೆಯ ಅಣೆಕಟ್ಟು ದಾಟಿ ಇಲ್ಲಿಗೆ ಬರುತ್ತದೆ ಅಂತ ಸಮಾಧಾನ ಮಾಡಿಕೊಂಡೆ. ಏಪ್ರಿಲ್ ಬಂದಾಗ ಆ ಸಮಾಧಾನ ಆವಿಯಾಯಿತು. ಏನು ಬಿಸಿಲು ಮಾರಾಯರೆ! ಬಾಡಿಗೆ ಮನೆಯ ಟ್ಯಾಂಕಿನ ನೀರು ರಾತ್ರಿಯೂ ಬಿಸಿ.

ಕೆಲಸ ಕಲಿಸಿದ್ದು ಹೆಡ್ ಕ್ಯಾಷಿಯರ್. ನಿವೃತ್ತಿಗೆ ಹತ್ತಿರವಿದ್ದವರು. ಎಣಿಸುವ ಯಂತ್ರ ಪಕ್ಕದಲ್ಲಿದ್ದರೂ ನೋಟನ್ನು ಕೈಯಲ್ಲಿ ಒಂದು ಸಲ ಮುಟ್ಟಿ ನೋಡದೆ ಬಿಡುತ್ತಿರಲಿಲ್ಲ. ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್‌ಗೆ ಒಂದು ಬಂಡಲ್. ಹರಿದದ್ದು ಬೇರೆ, ಚೆನ್ನಾಗಿರುವುದು ಬೇರೆ. ಪಿನ್ ಹೊಡೆಯುವ ಹಾಗಿಲ್ಲ. ಸಂಜೆ ಡ್ರಾಯರಿನ ನಗದೂ ಕಂಪ್ಯೂಟರಿನ ಲೆಕ್ಕವೂ ಕೂಡಿಬರಬೇಕು. ಒಂದು ರೂಪಾಯಿ ಜಾಸ್ತಿ ಬಂದರೂ ತಲೆನೋವು, ಕಮ್ಮಿ ಬಂದರೂ ತಲೆನೋವು. "ಮೇಡಂ, ಟ್ಯಾಲಿ ಆತಂದ್ರ ಇವತ್ತಿನ ಹಣೇಬರಹ ಮುಗೀತು. ನಾಳೀದು ನಾಳಿಗೆ" ಅನ್ನುತ್ತಿದ್ದರು. ನನಗೆ ಬೇಕಾಗಿದ್ದದ್ದು ಇದೇ. ಹಳೆಯ ಕೆಲಸದಲ್ಲಿ ಟೆಸ್ಟ್ ಎಲ್ಲ ಪಾಸಾದರೂ ಇನ್ನೇನೋ ಉಳಿದಿದೆ ಅನ್ನುವ ಅನುಮಾನ ಹೋಗುತ್ತಿರಲಿಲ್ಲ. ಅನುಮಾನ ಇರಬೇಕಾದ್ದೇ ಆ ಕೆಲಸ. ಇಲ್ಲಿ ಲೆಕ್ಕ ಕೂಡಿತು ಅಂದರೆ ಕೂಡಿತು, ಬಾಗಿಲು ಹಾಕಿ ನಡೆ.

ಹಾಗಂತ ಐದಕ್ಕೆ ಎದ್ದು ಬರುವ ಕೆಲಸವಲ್ಲ ಇದು. ಸರ್ವರ್ ಡೌನ್ ಆದ ದಿನ, ಮಾರ್ಚ್ ಕೊನೆಯ ವಾರ, ನವೆಂಬರಿನಲ್ಲಿ ಪಿಂಚಣಿದಾರರ ಜೀವನ ಪ್ರಮಾಣಪತ್ರದ ದಿನಗಳು, ಇವೆಲ್ಲ ಇವೆ. ವಿಮೆ ಮಾರಿ ಅನ್ನುವ ಒತ್ತಡ ಕ್ಲರ್ಕ್‌ಗಳ ಮೇಲೂ ಬರುತ್ತದೆ. ಗ್ರಾಹಕರು ಕೂಗಾಡುತ್ತಾರೆ. ಹಿಂದಿನ ಕೆಲಸದಲ್ಲಿ ನನ್ನ ಮೇಲೆ ಯಾರೂ ದನಿ ಎತ್ತರಿಸಿದ್ದಿಲ್ಲ. ಇಲ್ಲಿ ಮೊದಲ ವಾರವೇ ಒಬ್ಬರು, "ನಿನ್ನ ಮನಿ ರೊಕ್ಕ ಕೊಡ್ತಿಯೇನು?" ಅಂತ ಪಾಸ್‌ಬುಕ್ ಎಸೆದರು. ಮಧ್ಯಾಹ್ನ ಊಟದ ಡಬ್ಬಿ ತೆಗೆಯಲಿಲ್ಲ ನಾನು. ಮರುವಾರ ಅದೇ ಮನುಷ್ಯ ಹೊಲದ ಶೇಂಗಾ ತಂದು ಕೌಂಟರ್ ಮೇಲಿಟ್ಟು ಹೋದರು. ಅವರಿಗೆ ಹಿಂದಿನದು ನೆನಪೇ ಇರಲಿಲ್ಲ ಅನ್ನಿಸುತ್ತದೆ.

ಕೆಲವು ವರ್ಷದ ನಂತರ ಕೋರಿಕೆ ವರ್ಗಾವಣೆಗೆ ಅರ್ಜಿ ಹಾಕಿದೆ. ದಾವಣಗೆರೆ ಕಡೆ ಕೇಳಿದ್ದೆ, ಸಾಗರ ತಾಲ್ಲೂಕು ಸಿಕ್ಕಿತು. ಸಿಂಧನೂರಿನಿಂದ ಸಾಗರಕ್ಕೆ ಬಂದರೆ ರಾಜ್ಯ ಬದಲಾದ ಹಾಗಿರುತ್ತದೆ. ಅಲ್ಲಿ ಛತ್ರಿ ಬಿಸಿಲಿಗೆ, ಇಲ್ಲಿ ಛತ್ರಿ ಇದ್ದರೂ ಒದ್ದೆ.

ನಾನು ಇಲ್ಲಿಗೆ ಬಂದಾಗ ಗೃಹಲಕ್ಷ್ಮಿಯ ಸಾಲು ಜೋರಾಗಿತ್ತು. ಆ ಯೋಜನೆ 2023ರ ಆಗಸ್ಟ್ 30ರಂದು ಶುರುವಾಯಿತು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. "ಮೇಡಮ್ಮೋರೆ, ಪಕ್ಕದ ಮನೆಯೋಳಿಗೆ ಬಂದೈತೆ, ನನಗ್ಯಾಕೆ ಬಂದಿಲ್ಲ?" ಈ ಪ್ರಶ್ನೆಗೆ ಉತ್ತರ ಪಾಸ್‌ಬುಕ್‌ನಲ್ಲಿ ಇರುವುದಿಲ್ಲ. ಹಣ ಹೋಗುವುದು ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ. ಯಾವತ್ತೋ ಮೊಬೈಲ್ ಅಂಗಡಿಯಲ್ಲಿ ಬೆರಳೊತ್ತಿ ತೆರೆದ ಖಾತೆಯೊಂದು ಇರುತ್ತದೆ, ದುಡ್ಡು ಅಲ್ಲಿ ಕೂತಿರುತ್ತದೆ. ಇಲ್ಲವೇ ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಅತ್ತೆಯ ಹೆಸರಿರುತ್ತದೆ. ಎಲ್ಲಿ ಕಡಿದುಹೋಗಿರಬಹುದು ಅಂತ ಒಂದೊಂದೇ ಹಂತ ನೋಡುತ್ತಾ ಹೋಗಲು ನನಗೆ ಬರುತ್ತದೆ. ಆರು ವರ್ಷ ಮಾಡಿದ್ದು ಅದನ್ನೇ ಅಲ್ವಾ. ಯಾವ ಕ್ರಮದಲ್ಲಿ ನೋಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಕೌಂಟರಿನ ಒಳಗೆ ಅಂಟಿಸಿದೆ. ಸಾಲು ಸ್ವಲ್ಪ ಬೇಗ ಕರಗತೊಡಗಿತು. ಓದಿದ್ದು ವ್ಯರ್ಥವಾಗಲಿಲ್ಲ ಅಂತ ಇದನ್ನು ಯಾರಾದರೂ ಉದಾಹರಣೆ ಕೊಟ್ಟರೆ ನಾನು ಒಪ್ಪುವುದಿಲ್ಲ. ಇಂಜಿನಿಯರಿಂಗ್ ಓದದ ನಮ್ಮ ದಫೇದಾರರಿಗೂ ಇದು ಗೊತ್ತಿತ್ತು, ಅವರು ಬರೆದು ಅಂಟಿಸಿರಲಿಲ್ಲ ಅಷ್ಟೇ.

ಸಂಜೆಗಳಲ್ಲಿ ಏನು ಮಾಡುತ್ತೀಯ ಅಂತ ಹಳೆಯ ಗೆಳೆಯರು ಕೇಳುತ್ತಾರೆ. ಏನೋ ದೊಡ್ಡದು ನಿರೀಕ್ಷಿಸುತ್ತಾರೆ. ಗಣಪತಿ ಕೆರೆ ಕಡೆ ನಡೆಯುತ್ತೇನೆ. ಅಡುಗೆ ಮಾಡುತ್ತೇನೆ. ಹಳೆಯ ಹೊಲಿಗೆ ಯಂತ್ರ ಒಂದು ಕೊಂಡಿದ್ದೇನೆ, ಅಪ್ಪ ವಿಡಿಯೊ ಕಾಲ್‌ನಲ್ಲಿ ಕಟಿಂಗ್ ಹೇಳಿಕೊಡುತ್ತಾರೆ. ರವಿಕೆಯ ತೋಳು ಇನ್ನೂ ಸರಿಯಾಗಿ ಕೂರುತ್ತಿಲ್ಲ. ಹೆಗ್ಗೋಡು ಹತ್ತಿರವೇ ಇದೆ. 1949ರಲ್ಲಿ ಹುಟ್ಟಿದ ನೀನಾಸಂ ಇವತ್ತಿಗೂ ನಾಟಕ ಆಡಿಸುತ್ತಿದೆ. ಊರೂರು ಸುತ್ತುವ ಅದರ ತಿರುಗಾಟ ತಂಡದ ಹೊಸ ನಾಟಕಗಳನ್ನು ತಪ್ಪಿಸುವುದಿಲ್ಲ. ಎಲ್ಲ ನಾಟಕವೂ ಚೆನ್ನಾಗಿರುತ್ತದೆ ಅಂತಲ್ಲ, ಒಂದೆರಡರಲ್ಲಿ ನಿದ್ದೆಯೂ ಬಂದಿದೆ. ಒಂಬತ್ತೂವರೆಗೆ ಫೋನ್ ನೋಡಬೇಕಾಗಿಲ್ಲ ಅನ್ನುವುದೇ ನನಗೆ ಸಾಕು.

ಕಳೆದುಕೊಂಡದ್ದನ್ನೂ ಹೇಳಬೇಕು. ಅಮ್ಮನಿಗೆ ಹೃದಯದ ತೊಂದರೆ ಕಾಣಿಸಿಕೊಂಡಾಗ ನನ್ನ ಜೊತೆಗೇ ಇದ್ದರು. ತಜ್ಞ ವೈದ್ಯರು ಬೇಕೆಂದರೆ ಇಲ್ಲಿಂದ ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ, ಅಲ್ಲೂ ಆಗದಿದ್ದರೆ ಮಣಿಪಾಲಕ್ಕೆ ಹೋಗಬೇಕು. ಆ ರಾತ್ರಿ ಕಾರಿನಲ್ಲಿ ಕೂತಾಗ ಬೆಂಗಳೂರಿನ ಆಸ್ಪತ್ರೆಗಳೂ ಹಳೆಯ ಕಂಪನಿಯ ವಿಮೆಯೂ ನೆನಪಾದವು. ಅಮ್ಮ ಈಗ ಚೆನ್ನಾಗಿದ್ದಾರೆ. ಆದರೆ ಜೀವನದ ಗುಣಮಟ್ಟ ಅಂತ ಮಾತಾಡುವಾಗ ಆಸ್ಪತ್ರೆಯ ದೂರವನ್ನು ಲೆಕ್ಕಕ್ಕೆ ಹಿಡಿಯದವರು ಇನ್ನೂ ಚಿಕ್ಕವರು ಅಂತಲೇ ನನ್ನ ಲೆಕ್ಕ.

ಇನ್ನೊಂದು, ವಾಪಸ್ ಹೋಗುವ ದಾರಿ. ಮೊದಲ ವರ್ಷ ಬೇಕೆಂದರೆ ಹೋಗಬಹುದಿತ್ತು. ಈಗ ಅವರು ಬಳಸುವ ಉಪಕರಣಗಳೇ ಬೇರೆಯಾಗಿವೆ. ಹಳೆಯ ಸಹೋದ್ಯೋಗಿಗಳು ಮಾತಾಡಿಕೊಳ್ಳುವಾಗ ನನಗೆ ಅರ್ಧ ಅರ್ಥವಾಗುವುದಿಲ್ಲ. ಅವರ ಸಂಬಳ ಎಲ್ಲಿಗೆ ಹೋಗಿದೆ ಅಂತ ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ನಮ್ಮದೂ ಏರಿದೆ. 2024ರ ಮಾರ್ಚ್‌ನಲ್ಲಿ 12ನೇ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿದ್ದು ಕ್ಲರ್ಕ್‌ಗಳ ಆರಂಭದ ಮೂಲವೇತನ 17,900ರಿಂದ 24,050 ಆಯಿತು. 2022ರ ನವೆಂಬರ್‌ನಿಂದ ಲೆಕ್ಕ ಹಾಕಿ ಬಾಕಿಯನ್ನೂ ಕೊಟ್ಟರು. ಆ ದುಡ್ಡಿನಲ್ಲಿ ಮನೆಗೆ ಫ್ರಿಜ್ ಬಂತು. ಹಿಂದೆ ಅಷ್ಟು ದುಡ್ಡು ಬಂದರೆ ಗೊತ್ತೇ ಆಗುತ್ತಿರಲಿಲ್ಲ.

ಮದುವೆಯ ಮಾತುಕತೆಗಳ ಬಗ್ಗೆ ಒಂದೇ ಸಾಲು. "ಬ್ಯಾಂಕಾ? ಆಫೀಸರ್ರಾ?" ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಕಾಫಿ ಬೇಗ ಮುಗಿಯುತ್ತದೆ.

ಪ್ರತಿ ಸಲ ಬಡ್ತಿಯ ಸುತ್ತೋಲೆ ಬಂದಾಗ ನಮ್ಮ ಮ್ಯಾನೇಜರ್ ನನ್ನ ಕಡೆ ನೋಡುತ್ತಾರೆ. "ಬರೀರಿ, ನಿಮಗೆ ಸಲೀಸು. ಎರಡು ವರ್ಷದಲ್ಲಿ ಆಫೀಸರ್ ಆಗ್ತೀರಿ." ಅವರು ಕ್ಲರ್ಕ್ ಆಗಿಯೇ ಸೇರಿ ಮೇಲೆ ಬಂದವರು. ಮಗ ಮೈಸೂರಿನಲ್ಲಿ, ಹೆಂಡತಿ ಹುಬ್ಬಳ್ಳಿಯಲ್ಲಿ, ಅವರು ಸಾಗರದ ಲಾಡ್ಜಿನ ಪಕ್ಕದ ಕೋಣೆಯಲ್ಲಿ. ರಾತ್ರಿ ಎಂಟಕ್ಕೂ ವಲಯ ಕಚೇರಿಯಿಂದ ಫೋನ್ ಬರುತ್ತಿರುತ್ತದೆ. "ಮುಂದಿನ ಸಲ ನೋಡೋಣ ಸರ್" ಅನ್ನುತ್ತೇನೆ. ಮುಂದಿನ ಸಲವೂ ಬರೆಯುವುದಿಲ್ಲ ಅಂತ ಇಬ್ಬರಿಗೂ ಗೊತ್ತು.

ಇತ್ತೀಚೆಗೆ ಹಳೆಯ ಆಫೀಸಿನವರು ಆಗಾಗ ಫೋನ್ ಮಾಡುತ್ತಾರೆ. ಹೇಗೆ ಬಿಟ್ಟೆ, ನಾನೂ ಬಿಡಬೇಕು ಅಂತ. ನಾನು ಉಪದೇಶ ಮಾಡುವುದಿಲ್ಲ, ಒಂದೇ ಪ್ರಶ್ನೆ ಕೇಳುತ್ತೇನೆ: "ಹೋಮ್ ಲೋನ್ ಎಷ್ಟು ಬಾಕಿ ಇದೆ?" ಹೆಚ್ಚಿನವರ ಮಾತು ಅಲ್ಲಿಗೇ ಬೇರೆ ಕಡೆ ತಿರುಗುತ್ತದೆ. ಒಬ್ಬಳು ಮಾತ್ರ ಸಾಲವೇ ಇಲ್ಲ ಅಂದಳು. ಅರ್ಜಿ, ವಯಸ್ಸು, ಪ್ರಮಾಣಪತ್ರ, ಸಂಬಳ ಎಲ್ಲ ವಿವರವಾಗಿ ಕೇಳಿ ಬರೆದುಕೊಂಡಳು. ಕಳೆದ ವಾರ ಮೆಸೇಜ್ ಮಾಡಿದ್ದಳು, ಅರ್ಜಿ ಹಾಕಿದ್ದಾಳಂತೆ. ಪಿಒಗೆ. ಒಳ್ಳೆಯದಾಗಲಿ ಅಂತ ಬರೆದು, ನನ್ನ ಹಳೆಯ ಗಣಿತದ ನೋಟ್ಸ್ ಸ್ಕ್ಯಾನ್ ಮಾಡಿ ಕಳಿಸಿದೆ.